ಸೀಗೆ ಮೆಳೆಯ ಹತ್ತು ಸರಪಳಿ

ಒಂಟಿಕೊಪ್ಪಲಿನ ನಿಂಗಯ್ಯ ಹತ್ತು ವರ್ಷಗಳ ಕಾಲ ಒಬ್ಬ ಮನುಷ್ಯನ ಬೆನ್ನನ್ನು ನೋಡುತ್ತಲೇ ಬದುಕಿದ. ಆ ಬೆನ್ನು ಅಳತೆ ಕಚೇರಿಯ ಬಿಂದುಮಾಧವರಾಯರದು. ಬೆಳಿಗ್ಗೆ ಅವರ ಮೇಜಿಗೆ ನಕ್ಷೆಯ ಸುರುಳಿ ಇಡುವಾಗ, ಮಧ್ಯಾಹ್ನ ಅವರ ಹೂಜಿಗೆ ನೀರು ತುಂಬುವಾಗ, ನಿಂಗಯ್ಯನ ಕಣ್ಣು ಆ ಬಿಳಿ ಕೋಟಿನ ನಡುವೆ ಒಂದು ಜಾಗದಲ್ಲಿ ನೆಟ್ಟಿರುತ್ತಿತ್ತು. ಅವನ ಮನಸ್ಸಿನಲ್ಲಿ ಏನಿತ್ತು ಎಂಬುದು ಹೆಂಡತಿ ನೀಲಮ್ಮನಿಗೆ ಮಾತ್ರ ಗೊತ್ತಿತ್ತು.

ಅವನು ಹುಟ್ಟಾ ಜವಾನನಲ್ಲ. ಇಪ್ಪತ್ತನೆಯ ವಯಸ್ಸಿನಿಂದ ಸರಪಳಿ ಹಿಡಿದವನು. ಹೊಲ ಅಳೆಯುವ ಸರಪಳಿಯ ಉದ್ದ ಮೂವತ್ತಮೂರು ಅಡಿ. ಅದನ್ನು ಎಳೆದೆಳೆದು ಅವನ ಕಾಲಿಗೆ ಎಂಥ ಅಭ್ಯಾಸವಾಗಿತ್ತೆಂದರೆ, ಕಣ್ಣು ಕಟ್ಟಿ ಬಿಟ್ಟರೂ ಹದಿಮೂರು ಹೆಜ್ಜೆಗೆ ಸರಿಯಾಗಿ ಒಂದು ಸರಪಳಿ ನಡೆಯುತ್ತಿದ್ದ. ಒಂದೊಂದು ಸರಪಳಿಗೂ ಒಂದು ಕಬ್ಬಿಣದ ಕಡ್ಡಿ ನೆಡಬೇಕು. ಹತ್ತು ಕಡ್ಡಿ ಮುಗಿದರೆ ಅವನ್ನು ಒಟ್ಟುಮಾಡಿ ಅಳತೆಯ ಯಜಮಾನರಿಗೆ ತೋರಿಸಬೇಕು. ಅವರು ಪುಸ್ತಕದಲ್ಲಿ ಒಂದು ಗೀಟು ಎಳೆಯಬೇಕು. ಒಂದು ಗೀಟೆಂದರೆ ಹತ್ತು ಸರಪಳಿ. ಕೆಲಸವೆಲ್ಲ ನಿಂತಿದ್ದುದು ಆ ಗೀಟಿನ ಮೇಲೆ.

ಸಾವಿರದ ಒಂಬೈನೂರ ನಲವತ್ತೆಂಟರ ಬೇಸಗೆಯಲ್ಲಿ ಒಂಟಿಕೊಪ್ಪಲಿನ ಆಚೆ ಹೊಸ ಬಡಾವಣೆಯ ಗಡಿ ಅಳೆಯುತ್ತಿದ್ದರು. ತೋಟದವನೊಬ್ಬ ಹಲಸಿನ ಹಣ್ಣು ಕೊಯ್ದು ರಾಯರನ್ನು ಮರದ ನೆರಳಿಗೆ ಕರೆದ. ನಿಂಗಯ್ಯ ಹತ್ತು ಕಡ್ಡಿ ಹಿಡಿದುಕೊಂಡು ಬಂದು, "ಹತ್ತಾಯ್ತು ಸ್ವಾಮಿ" ಎಂದ. ರಾಯರ ಎರಡು ಕೈಗೂ ಹಲಸಿನ ಮೇಣ ಮೆತ್ತಿತ್ತು. ಪೆನ್ಸಿಲ್ ಮುಟ್ಟುವಂತಿರಲಿಲ್ಲ.

"ಬರ್ಕೋತೀನಿ ನಡಿಯೋ" ಎಂದರು.

ಬರೆದುಕೊಳ್ಳಲಿಲ್ಲ. ಎರಡು ತಿಂಗಳಾದ ಮೇಲೆ, ಆ ಪುಸ್ತಕದ ಲೆಕ್ಕ ನೋಡಿ ನೆಟ್ಟ ಗಡಿಕಲ್ಲುಗಳೆಲ್ಲ ಹತ್ತು ಸರಪಳಿ ಈಚೆಗೆ ಬಿದ್ದಿರುವುದು ಬಯಲಾಯಿತು. ವಿಚಾರಣೆ ನಡೆಯಿತು. ರಾಯರು ತಮ್ಮ ದುಂಡನೆಯ ಅಕ್ಷರದಲ್ಲಿ ಹೇಳಿಕೆ ಬರೆದರು: "ಅಳತೆ ಬಲ್ಲವನ ಎಣಿಕೆಯಲ್ಲಿ ಹತ್ತು ಸರಪಳಿ ತಪ್ಪುವುದು ಅಸಾಧ್ಯ. ತಪ್ಪಿದ್ದರೆ ಅದು ಸರಪಳಿ ಹಿಡಿದವನದೇ." ಗುಮಾಸ್ತ ರಾಮಸ್ವಾಮಯ್ಯನವರು ಅದನ್ನು ಎಲ್ಲರೆದುರಿಗೆ ಓದಿದರು. ಹಲಸಿನ ಹಣ್ಣಿನ ಮಾತನ್ನು ಯಾರೂ ಕೇಳಲಿಲ್ಲ. ನಿಂಗಯ್ಯನ ಕೈಯಿಂದ ಸರಪಳಿ ಕಿತ್ತುಕೊಂಡು ನೀರಿನ ಹೂಜಿ ಕೊಟ್ಟರು.

ಹೂಜಿಯನ್ನಾದರೂ ಅವನು ಸಹಿಸಿಕೊಳ್ಳುತ್ತಿದ್ದ. ಸಹಿಸಲಾಗದೆ ಹೋದದ್ದು ಹೆಸರು. ಬೀದಿಯವರು ಅವನನ್ನು 'ಹತ್ಸರಪಳಿ ನಿಂಗಯ್ಯ' ಎಂದು ಕರೆದರು. ನಲ್ಲಿಯ ಹತ್ತಿರ ನೀಲಮ್ಮನ ಬಿಂದಿಗೆ ತುಂಬಿ ಚೆಲ್ಲಿದರೆ, "ಎಣಿಕೆ ತಪ್ತೇನಮ್ಮ? ನಿಮ್ಮ ಮನೇಲಿ ಎಲ್ರಿಗೂ ಅದೇ ಚಾಳಿ" ಎಂದು ಅದೇ ಬೀದಿಯ ಪುಟ್ಟಬಸಮ್ಮ ನಗುತ್ತಿದ್ದಳು. ಆ ಹೆಸರಿಗೆ ಕಾರಣನಾದವನ ಹಣೆಗೇ ಅದನ್ನು ಅಂಟಿಸಬೇಕೆಂಬುದೊಂದೇ ನಿಂಗಯ್ಯನ ಹಂಬಲವಾಯಿತು.

ದಾರಿ ತೋರಿಸಿದ್ದು ಒಂದು ಆಟ. ಕಾಲೇಜಿನಲ್ಲಿ ಚಿತ್ರ ಕಲಿಸುತ್ತಿದ್ದ ಪುಟ್ಟಣ್ಣನವರು ಗುಡ್ಡ ಹತ್ತುವವರ ಸಣ್ಣ ಸಂಘವೊಂದನ್ನು ಕಟ್ಟಿ, ಐವತ್ತಾರನೆಯ ಇಸವಿಯಿಂದ ವರ್ಷಕ್ಕೊಮ್ಮೆ ಚಾಮುಂಡಿ ಬೆಟ್ಟದ ತಪ್ಪಲಿನಲ್ಲಿ 'ನಕ್ಷೆ ಓಟ' ಏರ್ಪಡಿಸುತ್ತಿದ್ದರು. ಓಡುವವನ ಕೈಗೆ ಒಂದು ನಕ್ಷೆ, ಒಂದು ದಿಕ್ಸೂಚಿ, ಒಂದು ಚೀಟಿ. ಬಂಡೆಯ ಸಂದಿನಲ್ಲಿ, ಹಳ್ಳದ ಮರೆಯಲ್ಲಿ ಹತ್ತು ಕೆಂಪು ಬಾವುಟ. ಒಂದೊಂದು ಬಾವುಟಕ್ಕೂ ಬೇರೆ ಬೇರೆ ಬಣ್ಣದ ಪೆನ್ಸಿಲ್ ಕಟ್ಟಿರುತ್ತಿದ್ದರು. ಆ ಬಣ್ಣದ ಗುರುತನ್ನು ಚೀಟಿಯಲ್ಲಿ ಹಾಕಿಕೊಂಡು ಕ್ರಮವಾಗಿ ಮುಂದಕ್ಕೆ ಹೋಗಬೇಕು. ಮೂರು ಮೂರು ನಿಮಿಷಕ್ಕೆ ಒಬ್ಬೊಬ್ಬರು ಹೊರಡುತ್ತಿದ್ದರು. ಯಾರು ಕಡಿಮೆ ಹೊತ್ತಿನಲ್ಲಿ ಮುಗಿಸಿದರೋ ಅವರು ಗೆದ್ದಂತೆ. ಒಬ್ಬರ ಬೆನ್ನು ಹತ್ತಿ ಇನ್ನೊಬ್ಬರು ಹೋಗಕೂಡದು. ಹೋದದ್ದು ತಿಳಿದರೆ ಸಂಘಕ್ಕೆ ಮತ್ತೆ ಕಾಲಿಡುವಂತಿಲ್ಲ.

ಬಿಂದುಮಾಧವರಾಯರು ಎರಡು ವರ್ಷ ಗೆದ್ದರು. ಐವತ್ತು ದಾಟಿದ್ದರೂ ಗಟ್ಟಿ ಕಾಲು. ಎರಡನೆಯ ವರ್ಷ ಕುಡಿಯುವ ನೀರು ಹೊತ್ತು ಮೇಲಿನ ಬಂಡೆಯ ಮೇಲೆ ಕೂರುವ ಕೆಲಸ ನಿಂಗಯ್ಯನಿಗೆ ಬಂತು. ಮೇಲಿನಿಂದ ನೋಡಿದರೆ ಇಡೀ ತಪ್ಪಲು ಚಾಪೆ ಹಾಸಿದಂತೆ ಕಾಣುತ್ತಿತ್ತು. ರಾಯರು ನಕ್ಷೆಯನ್ನು ಜೇಬಿನಿಂದ ತೆಗೆಯಲೇ ಇಲ್ಲ. ತಮಗಿಂತ ಮೂರು ನಿಮಿಷ ಮುಂಚೆ ಹೊರಟ ಹುಡುಗನನ್ನು ಓಡಿ ಹಿಡಿದು, ಮರದಿಂದ ಮರಕ್ಕೆ ಮರೆಯಾಗುತ್ತಾ ಅವನ ಹಿಂದೆಯೇ ಹೋದರು. ಅವನು ಮುಟ್ಟಿದ ಬಾವುಟವನ್ನೇ ಮುಟ್ಟಿದರು. ಇಬ್ಬರೂ ಒಟ್ಟಿಗೆ ಓಟ ಮುಗಿಸಿದರೂ ಲೆಕ್ಕದಲ್ಲಿ ರಾಯರಿಗೇ ಮೂರು ನಿಮಿಷ ಲಾಭ.

ನಿಂಗಯ್ಯ ಅದನ್ನು ಯಾರಿಗೂ ಹೇಳಲಿಲ್ಲ. ಜವಾನನ ಮಾತು ಎಷ್ಟು ತೂಗುತ್ತದೆಂದು ಅವನು ಕಂಡಿದ್ದ. ಹೊಟ್ಟೆಯೊಳಗೆ ಇಟ್ಟುಕೊಂಡು ಬೆಟ್ಟ ಇಳಿದ.

ಅಂದಿನಿಂದ ಒಂದು ವರ್ಷ, ಪ್ರತಿ ಭಾನುವಾರ ಬೆಳಗಾಗುತ್ತಿದ್ದಂತೆ ಬರಿಗಾಲಿನಲ್ಲಿ ತಪ್ಪಲಿಗೆ ಹೋದ. ನಕ್ಷೆ ಓದುವುದು ಅವನಿಗೆ ಹೊಸದಲ್ಲ. ದಿಕ್ಸೂಚಿ ಹಿಡಿಯುವುದನ್ನು ಪುಟ್ಟಣ್ಣನವರೇ ಹೇಳಿಕೊಟ್ಟರು. ಬಂಡೆ ಹತ್ತುವಾಗ ಎದೆ ಒಡೆಯುವಂತಾಗುತ್ತಿತ್ತು, ಇಳಿಯುವಾಗ ಮೊಣಕಾಲು ನಡುಗುತ್ತಿತ್ತು. ಆದರೂ ಜಾಲಿಯ ನಡುವೆ ನೇರ ಗೀಟು ಹಿಡಿದು ಓಡುವಾಗ, ಸರಪಳಿಯ ದಿನಗಳ ಸುಖ ಕಾಲಿಗೆ ಮರಳಿ ಬರುತ್ತಿತ್ತು. ಆ ಸುಖಕ್ಕೂ ಅವನು ಸೋಲಲಿಲ್ಲ.

"ನೀವೇ ಗೆದ್ಬುಡಿ. ಅದಕ್ಕಿಂತ ಇನ್ನೇನು ಬೇಕು?" ಎಂದಳು ನೀಲಮ್ಮ.

"ಗೆದ್ರೆ ಕೈ ಕುಲುಕಿ ಭೇಷ್ ಅಂದು ಮನೆಗೆ ಹೋಯ್ತಾರೆ. ನಂಗೆ ಅವರ ಬಾಯಿಂದ ಬೇರೆ ಮಾತು ಬರ್ಬೇಕು."

ಐವತ್ತೆಂಟರ ಓಟದಲ್ಲಿ ಇಪ್ಪತ್ತೊಂದು ಜನ ಇದ್ದರು. ಹಿಂದಿನ ವರ್ಷ ಗೆದ್ದವರು ಕಡೆಯಲ್ಲಿ ಹೊರಡುವುದು ಪದ್ಧತಿ. ಅವರಿಗಿಂತ ಮುಂಚಿನ ಜಾಗವನ್ನು ನಿಂಗಯ್ಯ ಕೇಳಿ ಪಡೆದ. ಆ ಹೊತ್ತಿಗೆ ಬಿಸಿಲು ಏರುವುದರಿಂದ ಅದು ಯಾರಿಗೂ ಬೇಕಿರಲಿಲ್ಲ.

"ಏನೋ ನಿಂಗ, ಎಣಿಸ್ಕೊಂಡು ಓಡು. ಬಾವುಟ ಹತ್ತೇ ಇರೋದು" ಎಂದರು ರಾಯರು. ಸುತ್ತಲಿದ್ದ ಕಚೇರಿಯವರು ನಕ್ಕರು.

"ನಿಮ್ಮ ಆಶೀರ್ವಾದ ಸ್ವಾಮಿ" ಎಂದು ನಿಂಗಯ್ಯ ಹೊರಟ.

ಮೊದಲನೆಯ ಬಾವುಟದ ಹತ್ತಿರ ಬೇಕೆಂದೇ ತಡಮಾಡಿದ. ಹಿಂದಿನಿಂದ ಕ್ಯಾನ್ವಾಸ್ ಬೂಟಿನ ಸದ್ದು ಬಂದು ತಟ್ಟನೆ ನಿಂತಾಗ, ಅವನ ಮೈ ಬೆಚ್ಚಗಾಯಿತು. ಆಮೇಲೆ ಬಾಣದ ಹಾಗೆ ಎರಡು, ಮೂರು, ನಾಲ್ಕು, ಐದನೆಯ ಬಾವುಟಗಳಿಗೆ ಕರೆದೊಯ್ದ. ಒಂದೂ ತಪ್ಪಲಿಲ್ಲ. ಹಿಂದೆ ಬರುವವರಿಗೆ ನಂಬಿಕೆ ಬರಬೇಕಲ್ಲ. ಹತ್ತು ವರ್ಷ ತಾನು ನೋಡಿದ್ದ ಬೆನ್ನಿನ ಒಡೆಯ ಈಗ ತನ್ನ ಬೆನ್ನನ್ನು ನೋಡುತ್ತಾ ಬರುತ್ತಿದ್ದಾನೆಂದು ಅವನು ಒಮ್ಮೆಯೂ ತಿರುಗಿ ನೋಡದೆ ಸವಿದ.

ಆರನೆಯ ಬಾವುಟ ಒಂದು ಕೊರಕಲಿನ ಒಳಗೆ, ಕಲ್ಲಿನ ಮರೆಯಲ್ಲಿತ್ತು. ನಿಂಗಯ್ಯ ಕುಂಟುತ್ತಾ ಬಂದು, ಕೊರಕಲಿನ ಅಂಚಿನಲ್ಲಿ ಕೂತು, ಅಂಗಾಲನ್ನು ಎತ್ತಿ ಹಿಡಿದ. ಹಿಂದಿದ್ದವರ ಕಣ್ಣಿಗೆ ಬರಿಗಾಲಿನವನು ಮುಳ್ಳು ಕೀಳುವಂತೆ ಕಂಡಿತು. ಅವನ ಬಲಗೈ ಮಾತ್ರ ಕೆಳಗೆ ಚಾಚಿ ನೇರಳೆ ಬಣ್ಣದ ಪೆನ್ಸಿಲಿನಿಂದ ಚೀಟಿಗೆ ಗುರುತು ಹಾಕಿತು. ಎದ್ದ. ಬಾವುಟವನ್ನು ಅಲ್ಲೇ ಬಿಟ್ಟು ನೇರ ಮುಂದಕ್ಕೆ ಓಡಿದ. ಹದಿಮೂರು ಹೆಜ್ಜೆ, ಒಂದು. ಮತ್ತೆ ಹದಿಮೂರು, ಎರಡು. ಹತ್ತು ತುಂಬುವಲ್ಲಿ ಕಾಲೇ ತಾನಾಗಿ ನಿಂತಿತು.

ಎದುರಿಗೆ ಮನೆಯಷ್ಟು ದೊಡ್ಡ ಸೀಗೆ ಮೆಳೆ. ಸೀಗೆಯ ಮುಳ್ಳು ಕೊಕ್ಕೆಯಂಥದು. ಮುಂದೆ ನುಗ್ಗುವಾಗ ಸುಮ್ಮನಿದ್ದು, ಹಿಂದಕ್ಕೆ ಸರಿದರೆ ಹಿಡಿಯುತ್ತದೆ. ನಿಂಗಯ್ಯ ಹಂದಿ ನುಸುಳುವ ಕಂಡಿಯಲ್ಲಿ ಹೊಟ್ಟೆಯ ಮೇಲೆ ತೆವಳಿ ಆಚೆ ಹೊರಬಿದ್ದು, ಬಂಡೆಯ ಮೇಲೆ ಕೂತ. ರಾಯರು ಬಾವುಟ ಒಳಗಿದೆಯೆಂದು ತಿಳಿದು ನಿಂತೇ ನುಗ್ಗಿದರು.

ಅಂಗಿ ಪರ್ರೆಂದ ಸದ್ದು ಕೇಳಿಸಿತು. ಆಮೇಲೆ ಒಂದು ನರಳಿಕೆ.

"ಯಾರದು ಆಚೆ? ನಿಂಗನೇನೋ? ಬಾವುಟ ಎಲ್ಲೋ?"

"ಹಿಂದೇನೇ ಉಳೀತು ಸ್ವಾಮಿ. ಸರಿಯಾಗಿ ಹತ್ತು ಸರಪಳಿ."

ಮೆಳೆ ಒಮ್ಮೆ ಜೋರಾಗಿ ಅಲುಗಾಡಿತು.

"ಅಲುಗಾಡ್ಬೇಡಿ, ಇನ್ನೂ ಕಚ್ಕೋತದೆ. ಕೈಗೆ ಮೇಣ ಏನೂ ಹತ್ತಿಲ್ವಲ್ಲ?"

"ನಿಂಗ, ಬಿಡಿಸೋ. ಚರ್ಮ ಕಿತ್ತು ಬರ್ತಿದೆ ಕಣೋ."

"ಮಚ್ಚು ಬೇಕು. ಕಳಿಸ್ತೀನಿ. ಇಲ್ಲೀಗಂಟ ಯಾಕೆ ಬಂದ್ರಿ ಅಂತ ಅಲ್ಲಿ ಕೇಳ್ತಾರೆ. ನಿಂಗಯ್ಯನ ಬೆನ್ನು ಹತ್ತಿ ಬಂದೆ ಅನ್ನಿ. ಇಲ್ಲಾ, ಎಣಿಕೆ ತಪ್ತು ಅನ್ನಿ. ಎರಡ್ರಲ್ಲಿ ಯಾವ್ದು ರುಚಿ ಅನ್ಸುತ್ತೋ ನೀವೇ ನೋಡ್ಕೊಳಿ."

ಅಷ್ಟು ಹೇಳಿದ ಮೇಲೂ ಅವನು ಏಳಲಿಲ್ಲ. ಕಾಲು ಗಂಟೆ ಅಲ್ಲೇ ಕೂತು ಕೇಳಿಸಿಕೊಂಡ. ಮೊದಲು ಬೈಗುಳ ಬಂತು, ಆಮೇಲೆ ಬೇಡಿಕೆ ಬಂತು. ಕಡೆಗೆ ಎರಡೂ ನಿಂತಾಗ ಎದ್ದು ಉಳಿದ ನಾಲ್ಕು ಬಾವುಟ ಮುಗಿಸಿದ. ಚೀಟಿ ಕೊಡುತ್ತಾ, "ಸೀಗೆ ಮೆಳೇಲಿ ರಾಯರು ಸಿಕ್ಕೊಂಡವ್ರೆ ಸ್ವಾಮಿ, ಕೂಗು ಕೇಳಿಸ್ತು" ಎಂದು ಪುಟ್ಟಣ್ಣನವರಿಗೆ ಹೇಳಿದ. ನಾಲ್ಕು ಜನ ಮಚ್ಚು ಹಿಡಿದು ಓಡಿದರು.

ರಾಯರು ಬಂದಾಗ ನೀಲಿ ಅಂಗಿಯ ಬೆನ್ನು ಇರಲಿಲ್ಲ. ಪುಟ್ಟಣ್ಣನವರು ನಕ್ಷೆ ಹರಡಿದರು.

"ಏನ್ರೀ ರಾಯರೇ, ಬಾವುಟ ಇಲ್ಲಿ, ನೀವು ಅಲ್ಲಿ. ಯಾರ ಹಿಂದಾದ್ರೂ ಹೋದ್ರೇನು?"

ರಾಯರು ತಲೆಯೆತ್ತಿದರು. ಎದುರಿಗೆ ನಿಂಗಯ್ಯ ಕೈಕಟ್ಟಿ ನಿಂತಿದ್ದ.

"ಇಲ್ಲ" ಎಂದರು. "ಎಣಿಕೆ ತಪ್ಪಿತು."

ಪುಟ್ಟಣ್ಣನವರು ಅಡಿಪಟ್ಟಿ ಇಟ್ಟು ನೋಡಿದರು. "ಮುನ್ನೂರ ಮೂವತ್ತು ಅಡಿ ಆಗುತ್ತಲ್ರೀ."

ಹಿಂದಿನಿಂದ ಗುಮಾಸ್ತ ರಾಮಸ್ವಾಮಯ್ಯನವರು ಮೂಗಿನ ಮೇಲೆ ಕನ್ನಡಕ ಏರಿಸಿಕೊಂಡು ಬಗ್ಗಿದರು. ಹತ್ತು ವರ್ಷದ ಹಿಂದೆ ವಿಚಾರಣೆಯಲ್ಲಿ ರಾಯರ ಹೇಳಿಕೆಯನ್ನು ಓದಿದ್ದವರು ಅವರೇ.

"ಹತ್ತು ಸರಪಳಿ" ಎಂದರು ನಿಧಾನವಾಗಿ. "ಅಳತೆ ಬಲ್ಲವರ ಎಣಿಕೇಲಿ ತಪ್ಪೋದು ಅಸಾಧ್ಯ ಅಂತ ಬರ್ಕೊಟ್ಟಿದ್ರಿ. ಸಾಧ್ಯ ಅಂತಾಯ್ತು."

ಕಚೇರಿಯವರಲ್ಲಿ ಯಾರೋ ಕಿಸಕ್ಕೆಂದರು. ಮತ್ತೊಬ್ಬರು ಸೇರಿಕೊಂಡರು. ರಾಯರು ಹರಿದ ಅಂಗಿಯ ಮೇಲೆ ಟವಲು ಹೊದ್ದು ಯಾರಿಗೂ ಹೇಳದೆ ಹೊರಟುಹೋದರು.

ಇಪ್ಪತ್ತೊಂದು ಜನರಲ್ಲಿ ನಿಂಗಯ್ಯ ಹದಿನೆಂಟನೆಯವನಾಗಿದ್ದ. ಮನೆಯಲ್ಲಿ ನೀಲಮ್ಮ ಅವನ ಮೊಣಕೈಯಿಂದ ಮುಳ್ಳು ತೆಗೆಯುತ್ತಾ, "ಮಾತು ಬಂತಾ?" ಎಂದು ಕೇಳಿದಳು. "ಬಂತು" ಎಂದ. ಮರುದಿನ ಅವಳು ನಲ್ಲಿಯ ಹತ್ತಿರ ಬಿಂದಿಗೆಯನ್ನು ಬೇಕೆಂದೇ ಚೆಲ್ಲುವಂತೆ ತುಂಬಿಸಿಕೊಂಡು ಪುಟ್ಟಬಸಮ್ಮನ ಮುಖ ನೋಡಿದಳು. ಅಷ್ಟು ಹೊತ್ತಿಗೆ ಸುದ್ದಿ ಬೀದಿಗೆ ಬಂದಿತ್ತು.

ಸರಪಳಿ ಅವನ ಕೈಗೆ ಮರಳಿ ಬರಲಿಲ್ಲ. ಹೂಜಿಯಲ್ಲೇ ಅವನ ನೌಕರಿ ಮುಗಿಯಿತು. ಆದರೆ ಕಾಲು ಗಟ್ಟಿಯಿರುವ ತನಕ ವರ್ಷವರ್ಷವೂ ನಕ್ಷೆ ಓಟಕ್ಕೆ ಹೋದ. ಬಾವುಟಗಳು ಎಲ್ಲೇ ಇರಲಿ, ದಾರಿ ಬಿಟ್ಟು ಆ ಸೀಗೆ ಮೆಳೆಯವರೆಗೆ ಹೋಗಿ ಬರುತ್ತಿದ್ದ. ಕೊಕ್ಕೆ ಮುಳ್ಳಿನಲ್ಲಿ ನೀಲಿ ಬಟ್ಟೆಯ ಒಂದು ಚೂರು ಸಿಕ್ಕಿಕೊಂಡಿತ್ತು. ಬಿಸಿಲಿಗೂ ಮಳೆಗೂ ಅದರ ಬಣ್ಣ ಹೋಗಿ, ನೂಲೆಳೆ ಮಾತ್ರ ಉಳಿಯುವ ತನಕ, ಅದು ಅಲ್ಲೇ ಇದೆಯೇ ಎಂದು ನೋಡಿಕೊಂಡು, ಕಡೆಯವನಾಗಿ ಓಟ ಮುಗಿಸಿ ನಗುತ್ತಾ ಮನೆಗೆ ಬರುತ್ತಿದ್ದ.