ತೂಬು ತೆಗೆಯುವ ದಿನ ಕೆರೆಗೆ ಹೋದದ್ದು

ಎಪ್ಪತ್ತರ ದಶಕದ ಒಂದು ಜನವರಿ. ಶನಿವಾರದ ತರಗತಿಗೆ ರಜೆ ಹಾಕಿ ಕಲಾಸಿಪಾಳ್ಯದಲ್ಲಿ ಮೊದಲ ಬಸ್ಸು ಹತ್ತಿದೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಅನುಗೊಂಡನಹಳ್ಳಿಯ ಆಚೆಗಿನ ಕೆರೆಯೊಂದರ ತೂಬನ್ನು ಅಂದು ತೆಗೆಯುತ್ತಾರೆ, ನೀರು ಖಾಲಿಯಾದ ಮೇಲೆ ಇಟ್ಟಿಗೆಗೆ ಮಣ್ಣು ಅಗೆಯುತ್ತಾರೆ ಎಂದು ಆ ಕಡೆಯಿಂದ ಬರುವ ಹಾಲಿನವಳು ಹೇಳಿದ್ದಳು. ಹಿಮಾಲಯದಾಚೆಯಿಂದ ಬರುವ ಪಟ್ಟೆತಲೆ ಬಾತುಗಳು ಚಳಿಗಾಲದಲ್ಲಿ ಅಲ್ಲಿ ತಂಗುವುದನ್ನು ನಾನು ಮೂರು ವರ್ಷದಿಂದ ನೋಡುತ್ತಿದ್ದೆ. ಬೆಂಗಳೂರಿನ ಹತ್ತಿರ ಅವು ಇಳಿಯುತ್ತಿದ್ದ ಇನ್ನೊಂದು ಕೆರೆ ಆಗಲೇ ಬಡಾವಣೆಯಾಗಿತ್ತು.

ಹೊಸಕೋಟೆಯಲ್ಲಿ ಬಸ್ಸು ಅರ್ಧ ಗಂಟೆ ನಿಂತಿತು. ಮಂಜಿನಲ್ಲಿ ನಿಂತೇ ಇಡ್ಲಿ ತಿಂದೆ. ಚಟ್ನಿ ಚೆನ್ನಾಗಿತ್ತೋ ಇಲ್ಲವೋ, ನೆನಪಿಲ್ಲ. ಕಂಡಕ್ಟರನ್ನು ಎರಡು ಸಲ "ಹೊರಡಲ್ವಾ?" ಎಂದು ಕೇಳಿ ಬೈಸಿಕೊಂಡದ್ದು ಮಾತ್ರ ನೆನಪಿದೆ. ಕೊನೆಯ ಮೂರು ಮೈಲಿ ರಾಗಿ ಕೊಯ್ದ ಹೊಲಗಳ ನಡುವೆ ನಡಿಗೆ, ಅರ್ಧ ಓಟ.

ಏರಿಯ ಮೇಲೆ, ಗದ್ದೆಗಳಿಗೆ ನೀರು ಹಂಚುವ ನೀರುಗಂಟಿ ಮುನಿಯಪ್ಪ ಪಂಚೆ ಎತ್ತಿ ಕಟ್ಟಿ ನಿಂತಿದ್ದರು. ತೂಬು ತೆಗೆಯಲು ನೀರಿಗಿಳಿಯಬೇಕಾದವರು ಅವರೇ. ಪಕ್ಕದಲ್ಲಿ ಪಂಚಾಯ್ತಿ ಛೇರ್ಮನ್ನರು. ಎದುರು ನೀರಿನಲ್ಲಿ ನೂರಕ್ಕೂ ಹೆಚ್ಚು ಬಾತುಗಳು.

"ಶಿವರಾತ್ರಿ ಕಳೆದರೆ ಇವೇ ಹೊರಟುಹೋಗುತ್ತವೆ. ಅಲ್ಲಿವರೆಗೆ ನೀರು ಬಿಡಬೇಡಿ," ಎಂದೆ ಏದುಸಿರು ಬಿಡುತ್ತಾ.

ಛೇರ್ಮನ್ನರು ಕೋಪ ಮಾಡಿಕೊಳ್ಳಲಿಲ್ಲ. "ಬೆಂಗ್ಳೂರಲ್ಲಿ ಸ್ವಂತ ಮನೆ ಐತೇನಮ್ಮಾ?"

"ಹೋದ ವರ್ಷ ಕಟ್ಟಿಸಿದೆವು."

"ಇಟ್ಟಿಗೆ ಎಲ್ಲಿಂದ ಬಂತು?"

ನನಗೆ ಗೊತ್ತಿರಲಿಲ್ಲ. ಯಾವ ಕೆರೆಯ ಮಣ್ಣೆಂದು ವಿಚಾರಿಸಿಯೂ ಇರಲಿಲ್ಲ.

ಆಗ ಮುನಿಯಪ್ಪ ಬಾಯಿಬಿಟ್ಟರು. "ಹಕ್ಕಿ ಮಾತು ಅತ್ಲಾಗಿರ್ಲಿ ಸ್ವಾಮಿ. ಕೆಳಗಡೆ ತಡವಾಗಿ ನಾಟಿ ಮಾಡಿದ ಭತ್ತ ಇನ್ನೂ ಹಾಲುಗಾಳು, ಬಲ್ತಿಲ್ಲ. ಇವತ್ತೇ ಎಲ್ಲಾ ಬಿಟ್ಬಿಟ್ರೆ ಮುಂದಿನ ವಾರ ಗದ್ದೆಗೆ ಏನು ಬಿಡ್ಲಿ? ನಾನಂತೂ ನೀರಿಗೆ ಇಳಿಯಾಕಿಲ್ಲ."

ಛೇರ್ಮನ್ನರು ಗದ್ದೆಯ ಕಡೆ ನೋಡಿದರು, ನನ್ನ ಕಡೆ ನೋಡಿದರು. "ಸರಿ, ಶಿವರಾತ್ರಿ ಆಗ್ಲಿ," ಎಂದು ಸೈಕಲ್ ಏರಿ ಹೋದರು.

ಮುನಿಯಪ್ಪನ ಹೆಂಡತಿ ಮುದ್ದೆ, ಹುರುಳಿಕಾಳಿನ ಸಾರು ಬಡಿಸಿದರು. ಉಂಡು ಹೊರಟೆ. ಅರ್ಧ ಮೈಲಿ ಬಂದಿದ್ದೆ, ಹಿಂದೆ ಒಮ್ಮೆಲೇ ಕೂಗೆದ್ದಿತು. ಬಾತುಗಳೆಲ್ಲ ಆಕಾಶದಲ್ಲಿ! ಮಾತು ತಪ್ಪಿ ತೂಬು ತೆಗೆದರು ಎಂದುಕೊಂಡು ಚಪ್ಪಲಿ ಕೈಗೆತ್ತಿಕೊಂಡು ವಾಪಸು ಓಡಿದೆ.

ಮುನಿಯಪ್ಪ ಏರಿಯ ಮೇಲೆ ನಗುತ್ತಾ ನಿಂತಿದ್ದರು. "ಎಮ್ಮೆ ಕಣಮ್ಮಾ, ಎಮ್ಮೆ ನೀರಿಗೆ ಬಿತ್ತು. ಕೂತ್ಕೊಳಿ, ಸುಧಾರಿಸ್ಕೊಳಿ."

ಕೂತೆ. ಮಧ್ಯಾಹ್ನದ ಬಸ್ಸು ತಪ್ಪಿತು. ಬಾತುಗಳು ಎರಡು ಸುತ್ತು ಹಾಕಿ, ಅನುಮಾನಿಸುತ್ತಾ, ಒಂದೊಂದಾಗಿ ಇಳಿದವು.

"ಬರೋ ವರ್ಷ ಏನ್ಮಾಡ್ತೀರಿ?" ಎಂದರು ಮುನಿಯಪ್ಪ, ಸುಮ್ಮನೆ ಕೇಳುವಂತೆ.

ಬರುವ ವರ್ಷದ ಮಾತನ್ನು ಛೇರ್ಮನ್ನರು ಕೊಟ್ಟಿರಲಿಲ್ಲ. ನಾನು ಕೇಳಿರಲೂ ಇಲ್ಲ.