ಕಂಬಳಿ ಪಟ್ಟಿಯ ಸೈಕಲ್ಲು

ಇವತ್ತು ಬೆಳಿಗ್ಗೆ ನಾನು ರೊಟ್ಟಿ ತಟ್ಟುತ್ತಿದ್ದೆ. ನಗಬೇಡಿ, ಹೆಂಡತಿ ಉಮರ್ಗಾದ ತವರಿಗೆ ಹೋಗಿದ್ದಾಳೆ. ರೊಟ್ಟಿ ದುಂಡಗಾಗಿರಲಿಲ್ಲ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಅಷ್ಟರಲ್ಲಿ ಪಡಸಾಲೆಯಿಂದ ಬಿಸಿಯಾದ ಉಣ್ಣೆಯ ವಾಸನೆ ಬಂತು. ಇಸ್ತ್ರಿಯ ಕೆಳಗೆ ಸ್ವೆಟರು ಸಿಕ್ಕಾಗ ಬರುತ್ತದಲ್ಲ, ಅಂಥದು. ನಮ್ಮ ಮನೆಯಲ್ಲಿ ಅದಕ್ಕೆ ಯಾರೂ ಗಾಬರಿಯಾಗುವುದಿಲ್ಲ. ಅಪ್ಪ ಸೈಕಲ್ಲು ಹತ್ತಿದ್ದಾರೆ ಎಂದು ತಿಳಿದುಕೊಳ್ಳುತ್ತೇವೆ, ಅಷ್ಟೆ.

ಈ ಸೈಕಲ್ಲು ಎಲ್ಲಿಗೂ ಹೋಗುವಂಥದಲ್ಲ. ನಿಂತಲ್ಲೇ ತುಳಿಯುವ ವ್ಯಾಯಾಮದ ಸೈಕಲ್ಲು. ಮುಂದೆ ಒಂದು ಭಾರದ ಕಬ್ಬಿಣದ ಗಾಲಿ, ಅದನ್ನು ಒತ್ತಿ ಹಿಡಿಯಲು ಒಂದು ಉಣ್ಣೆಯ ಪಟ್ಟಿ. ಪಟ್ಟಿ ಬಿಗಿಯಾದಷ್ಟೂ ತುಳಿಯುವವನ ಎದೆಬಡಿತ ಏರುತ್ತದೆ. ಉದಗೀರದ ನಮ್ಮ ಕಾಲೇಜಿಗೆ ಹೊಸ ಸೈಕಲ್ಲುಗಳು ಬಂದಾಗ ಇದನ್ನು ಮೂಲೆಗೆ ತಳ್ಳಿದ್ದರು. ನಾನು ಕೇಳಿ ಪಡೆದು ಟೆಂಪೋದಲ್ಲಿ ನಿಲಂಗಾಕ್ಕೆ ಹೇರಿಕೊಂಡು ಬಂದೆ. ದಮ್ಮು ಎಂದರೇನೆಂದು ನಾನು ಕಲಿತದ್ದು ಇದರ ಮೇಲೆ, ಕಲಿಸಿದವರು ಮಾಯವ್ವ ಮ್ಯಾಡಮ್.

ನಮ್ಮದು ಅಯ್ಯನೋರ ಮನೆತನ. ಶ್ರಾವಣ ಬಂತೆಂದರೆ ಅಪ್ಪ ನಿಲಂಗಾದಿಂದ ಶಿರೂರ ಅನಂತಪಾಳದವರೆಗೆ ಭಕ್ತರ ಮನೆಮನೆಗೆ ಹೋಗಿ ಪೂಜೆ ಮಾಡಿಸಿ, ಶಿವನ ನೂರೆಂಟು ಹೆಸರು ಹೇಳಿ ಬರುತ್ತಿದ್ದರು. ನಾನು ಬಿ.ಎ. ಮೊದಲ ವರ್ಷದಲ್ಲಿದ್ದಾಗ, ಶ್ರಾವಣ ಮುಗಿದ ಮರುದಿನವೇ ಅವರು ತಾವಾಗಿ ಡಾಕ್ಟರ ಹತ್ತಿರ ಹೋದರು. ಜ್ವರ ಬಂದರೂ ಮಾತ್ರೆ ಮುಟ್ಟದ ಮನುಷ್ಯ. ಹೃದಯದ ನಾಳ ಕಟ್ಟಿದೆ, ಇನ್ನೂ ತಡಮಾಡಿದ್ದರೆ ಉಳಿಯುವುದು ಕಷ್ಟವಿತ್ತು ಎಂದರಂತೆ ಡಾಕ್ಟರು. ದವಾಖಾನೆಗೆ ಹೋಗುವ ಬುದ್ಧಿ ಹೇಗೆ ಬಂತು ಎಂದು ಕೇಳಿದರೆ ಅಪ್ಪ, "ಭಕ್ತರ ಮನಿ ಮಗಳು ಒಬ್ಬಾಕಿ ಬೈದಳಪ್ಪಾ" ಎಂದಷ್ಟೇ ಹೇಳಿ ಗೋಡೆ ನೋಡಿದರು.

ಮುಂದಿನ ಶ್ರಾವಣದ ತಿರುಗಾಟ ನನ್ನ ಪಾಲಿಗೆ ಬಂತು. ನನ್ನ ಅವಸ್ಥೆ ಏನು ಹೇಳಲಿ? ಭಕ್ತರು ಅಪ್ಪನಿಗೆ ಕಟ್ಟಿಕೊಟ್ಟ ಹೋಳಿಗೆಯೆಲ್ಲ ನನಗೆ ಹೊಟ್ಟೆಯಾಗಿ ಕೂತಿತ್ತು. ಉದಗೀರದ ಕೋಟೆಗೆ ಗೆಳೆಯರ ಜೊತೆ ಹೋದರೆ ಬಾಗಿಲಲ್ಲೇ ಕೂತು ಅವರ ಚಪ್ಪಲಿ ಕಾಯುತ್ತಿದ್ದವನು ನಾನು. ಶ್ರಾವಣಕ್ಕೂ ಮೊದಲು, ಬಸವ ಜಯಂತಿಯ ದಿನ, ಅಪ್ಪ ಪರೀಕ್ಷೆಗೆಂದು ಮೂರೇ ಮನೆಗೆ ಕಳಿಸಿದರು. ಮೂರನೆಯ ಮನೆಯಲ್ಲಿ ನನ್ನ ಉಸಿರಾಟವೇ ಮಂತ್ರಕ್ಕಿಂತ ಜೋರಾಗಿ ಕೇಳುತ್ತಿತ್ತು. ಸುದ್ದಿ ಅಪ್ಪನಿಗೆ ಮುಟ್ಟಿತು. "ಇರ್ಲಿ ಬಿಡು, ಈ ವರ್ಷನೂ ನಾನೇ ಹೋಗ್ತೀನಿ" ಎಂದರು. ಅವರು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಮಾತಿಗೆ ಮಾತ್ರ ಹೆದರಿಕೆಯಾಯಿತು. ಆ ಎದೆ ಹೊತ್ತುಕೊಂಡು ಅವರು ಶಿರೂರಿನವರೆಗೆ ತಿರುಗುವಂತಿರಲಿಲ್ಲ. ಮರುದಿನವೇ ಕಾಲೇಜಿನ ಜಿಮಖಾನಾಕ್ಕೆ ಹೋದೆ.

ಮಾಯವ್ವ ಮ್ಯಾಡಮ್ ಅಲ್ಲಿ ವ್ಯಾಯಾಮ ಕಲಿಸುತ್ತಿದ್ದರು. ಬೀರಪ್ಪನ ಒಕ್ಕಲು, ಕುರಿ ಸಾಕುವವರ ಮನೆಯ ಮಗಳು, ಶಿರೂರ ಕಡೆಯವರು ಎಂದಷ್ಟೇ ನನಗೆ ಗೊತ್ತಿತ್ತು. ಸೈಕಲ್ಲಿನ ಪಟ್ಟಿ ಸವೆದುಹೋಗಿ ಹೊಸದು ಬರುವ ಲಕ್ಷಣ ಕಾಣದಿದ್ದಾಗ ಮನೆಯ ಹಳೆ ಕಂಬಳಿ ಕತ್ತರಿಸಿ, ಮಡಿಸಿ, ದಬ್ಬಣದಿಂದ ಹೊಲಿದು ಗಾಲಿಗೆ ಕೂಡಿಸಿದವರು ಅವರೇ. ವೇಳೆ ತೋರಿಸುವ ಪರದೆ ಎಂದೋ ಸತ್ತಿತ್ತು. ಅದಕ್ಕೂ ಅವರ ಹತ್ತಿರ ಉಪಾಯವಿತ್ತು.

"ಬಾಯಿಪಾಠ ಏನು ಬರ್ತದ ಅದು ಹೇಳಕೋತ ತುಳಿ. ಮಾತಾಡ್ಲಾಕ ಬರಬೇಕು, ಹಾಡ್ಲಾಕ ಬರಬಾರ್ದು. ಅಷ್ಟು ದಮ್ ಇದ್ರ ಎದಿ ಬರೋಬರ್ ನಡದದ ಅಂತ ತಿಳಿ."

ಪಕ್ಕದ ಸೈಕಲ್ಲಿನ ಹುಡುಗಿ ಮರಾಠಿಯಲ್ಲಿ ಮಗ್ಗಿ ಹೇಳುತ್ತಿದ್ದಳು. ನಾನು ನೂರೆಂಟು ಹೆಸರು ಹಿಡಿದೆ. ನೂರೆಂಟು ಮುಗಿದರೆ ಇಳಿಯಬಹುದು. ಇನ್ನು ನಿಮ್ಮ ಹತ್ತಿರ ಮುಚ್ಚಿಡುವುದೇನು, ಹೆಚ್ಚು ಮನೆಗಳಿದ್ದ ದಿನ ಹೆಸರು ನುಂಗುವ ವಿದ್ಯೆ ನಮ್ಮ ಕಸುಬಿನಲ್ಲಿ ಕೆಲವರಿಗೆ ಗೊತ್ತು. ಅಪ್ಪನಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಮೂರನೆಯ ವಾರ ಒಂದು ದಿನ ಅಲ್ಲೊಂದು ಇಲ್ಲೊಂದು ನುಂಗಿ ಬೇಗ ನೂರೆಂಟು ಮುಟ್ಟಿಸಿ ಕಾಲು ಕೆಳಗಿಟ್ಟೆ.

"ಸ್ವಾಮಿ, ಇಳಿಬ್ಯಾಡ" ಎಂದರು ಮ್ಯಾಡಮ್. "ಶಿಪಿವಿಷ್ಟಾಯ ಎಲ್ಲಿ ಹೋಯ್ತು?"

ನಾನು ನುಂಗಿದ ಹೆಸರುಗಳಲ್ಲಿ ಅದೂ ಒಂದು.

"ಪರತ ಒಂದರಿಂದ ಹೇಳು."

ಮತ್ತೆ ಒಂದರಿಂದ ಹೇಳಿದೆ. ಇಳಿದ ಮೇಲೆ, ಬೆವರು ಒರೆಸಿಕೊಳ್ಳುತ್ತ, ನೀವು ಹೇಗೆ ಎಣಿಸಿದಿರಿ ಎಂದು ಕೇಳಿದೆ.

"ಎಣಿಸೂದು ಯಾಕ? ಸಂಜೀಕ ಹಿಂಡು ಹಟ್ಟಿಗಿ ಬಂದಾಗ ಒಂದು ಕುರಿ ಕಡಿಮಿ ಇದ್ರ ನಮ್ಮವ್ವ ಎಣಿಸಲ್ಲ, ನಿಂತು ನೋಡಿದ್ರ ತಿಳೀತದ ಆಕಿಗಿ. ಈ ಹೆಸರು ನಾ ಸಣ್ಣಾಕಿದ್ದಾಗಿಂದ ಶ್ರಾವಣದಾಗ ಕೇಳೀನಿ. ಒಂದು ಇಲ್ಲಂದ್ರ ಕಿವಿಗಿ ತಿಳೀತದ." ಆಮೇಲೆ, "ಅವಸರದಾಗ ನುಂಗೂದು ಬ್ಯಾರೆ, ದಮ್ ಸಾಲದ ನುಂಗೂದು ಬ್ಯಾರೆ. ನಿಂದು ಅವಸರ" ಎಂದರು. ಆ ಎರಡನೆಯದು ಯಾರದು ಎಂದು ಕೇಳಲು ನನಗೆ ಹೊಳೆಯಲಿಲ್ಲ.

ಎರಡೂವರೆ ತಿಂಗಳು ತುಳಿದೆ. ಮೊದಲು ಇಪ್ಪತ್ತು ಹೆಸರಿಗೇ ಕಣ್ಣು ಕತ್ತಲೆ ಬರುತ್ತಿತ್ತು. ಕೊನೆಗೆ ನೂರೆಂಟನ್ನು ಮೂರು ಸಲ ಹೇಳಿ ಇಳಿದರೂ ಏದುಸಿರು ಬರುತ್ತಿರಲಿಲ್ಲ. ಅವರು ಒಂದು ದಿನವೂ ಭೇಷ್ ಅನ್ನಲಿಲ್ಲ. ಪಟ್ಟಿಯನ್ನು ಒಂದು ಸುತ್ತು ಬಿಗಿ ಮಾಡಿ ಹೋಗುತ್ತಿದ್ದರು, ನಾನು ಅದನ್ನೇ ಭೇಷ್ ಎಂದು ತಿಳಿದುಕೊಳ್ಳುತ್ತಿದ್ದೆ.

ಶ್ರಾವಣ ಬಂತು. ಅಪ್ಪ ಮನೆಯಲ್ಲಿ ಉಳಿದರು, ನಾನು ತಿರುಗಿದೆ. ಕೊನೆಯ ಮನೆ ಶಿರೂರ ಅನಂತಪಾಳದ್ದು. ಬಾಗಿಲು ತೆರೆದವರು ಮಾಯವ್ವ ಮ್ಯಾಡಮ್, ತಲೆಯ ಮೇಲೆ ಸೆರಗು. ನನಗೆ ಕೂಡಲು ಕಂಬಳಿ ಹಾಸಿ, ತಾವು ನೆಲದ ಮೇಲೆ ಕೈಮುಗಿದು ಕೂತರು. ನಾನು ನಾಚಿ ನೀರಾದೆ. ಆದರೂ ನೂರೆಂಟನ್ನು ಒಂದೊಂದಾಗಿ ತುಂಬಿ ಹೇಳಿದೆ.

ಮುಗಿದ ಮೇಲೆ, ಪಕ್ಕದಲ್ಲಿ ಕಣ್ಣು ಮುಚ್ಚಿ ಕೇಳುತ್ತಿದ್ದ ಅವರ ಅವ್ವ ಕಣ್ಣು ತೆರೆದರು. "ಸಣ್ಣ ಅಯ್ಯನೋರ ಹೆಸರು ಎಲ್ಲಾ ತುಂಬ್ಯಾವ. ದೊಡ್ಡ ಅಯ್ಯನೋರು ಇಷ್ಟು ವರ್ಷ ಒಂದೂ ಬಿಟ್ಟಿದ್ದಿಲ್ಲರಿ. ಹೋದ ವರ್ಷ ನಾಕೈದು ನುಂಗಿದ್ರು. ನಾ ಸುಮ್ಮನಿದ್ದೆ. ಈಕಿ ಬಾಗಿಲಿಗಿ ಅಡ್ಡ ನಿಂತಳು. ದವಾಖಾನಿಗಿ ಹೋಗ್ತೀನಂತ ಕೊರಳಾಗಿನ ಲಿಂಗ ಮುಟ್ಟಿ ಹೇಳಿಸಿನೇ ಬಿಟ್ಟಳು."

ಬೈದ ಮಗಳು ಇವರು. ಡಾಕ್ಟರ ಯಂತ್ರಕ್ಕಿಂತ ಮೊದಲು ಅಪ್ಪನ ಎದೆಯನ್ನು ಓದಿದ ಕಿವಿ ಇದು. ಎರಡೂವರೆ ತಿಂಗಳು ನನ್ನ ಪಕ್ಕ ನಿಂತು ಒಂದು ಸಲವೂ ಹೇಳಿರಲಿಲ್ಲ. ನಾನು ಏನಾದರೂ ಹೇಳುವಷ್ಟರಲ್ಲಿ ಮ್ಯಾಡಮ್ ಎದ್ದು ಅಡಿಗೆಮನೆಯ ಕಡೆ ನಡೆದರು. "ಅವ್ವಾ, ಇವರಿಗಿ ಹೋಳಗಿ ಎರಡೇ ಬಡಿಸು" ಎಂದರು.

ಓದಿದವರನ್ನು, ದೊಡ್ಡವರನ್ನು ಆಮೇಲೆ ಬೇಕಾದಷ್ಟು ಕಂಡಿದ್ದೇನೆ. ಅಷ್ಟು ಚೆನ್ನಾಗಿ ಕೇಳಬಲ್ಲವರನ್ನು ಇನ್ನೊಬ್ಬರನ್ನು ಕಂಡಿಲ್ಲ.

ಈಗ ಡಾಕ್ಟರ ಒಪ್ಪಿಗೆಯ ಮೇಲೆ ಅಪ್ಪ ದಿನಾ ಬೆಳಿಗ್ಗೆ, ಪಟ್ಟಿ ಸಡಿಲ ಮಾಡಿ, ನೂರೆಂಟು ಹೆಸರಿನಷ್ಟು ಹೊತ್ತು ಮೆಲ್ಲಗೆ ತುಳಿಯುತ್ತಾರೆ. ನಾನು ಒಳಗೆ ನನ್ನ ಕೆಲಸ ಮಾಡುತ್ತ ಕೇಳಿಸಿಕೊಳ್ಳುತ್ತೇನೆ. ಇವತ್ತು ರೊಟ್ಟಿ ಹೆಂಚಿಗೆ ಹಾಕುತ್ತಿದ್ದಾಗ ಒಂದು ಹೆಸರು ಬರಲಿಲ್ಲ. ಅದರ ಮುಂದಿನದು ಬಂತು, ಅದೊಂದು ಮಾತ್ರ ಇಲ್ಲ. ಹಿಟ್ಟಿನ ಕೈಯಲ್ಲೇ ಓಡಿದೆ.

ಅಪ್ಪ ಆರಾಮಾಗಿ ತುಳಿಯುತ್ತಿದ್ದರು. ಮುಖದ ಮೇಲೆ ಬೆವರಿನ ಹನಿಯಿಲ್ಲ.

"ಶಿಪಿವಿಷ್ಟಾಯ ಬಿಟ್ರಿ" ಎಂದೆ. ನನಗೇ ಉಸಿರು ಸಾಲುತ್ತಿರಲಿಲ್ಲ.

"ಗೊತ್ತದ. ನೀ ಕೇಳ್ಲತ್ತಿ ಇಲ್ಲೊ ನೋಡಿದೆ."

"ಪರತ ಒಂದರಿಂದ ಹೇಳ್ರಿ."

ಅಪ್ಪ ನಕ್ಕು ಒಂದರಿಂದ ಶುರು ಮಾಡಿದರು. ಒಳಗೆ ರೊಟ್ಟಿ ಸೀಯುವ ವಾಸನೆ ಬರುತ್ತಿತ್ತು. ನಾನು ಹೋಗಲಿಲ್ಲ. ಇಷ್ಟು ದಿನ ಅಡಿಗೆಮನೆಯಿಂದ ಕೇಳಿದವನು ಇವತ್ತು ಅವರ ಎದುರಿಗೆ, ನೆಲದ ಮೇಲೆ ಕೂತು, ನೂರೆಂಟನ್ನೂ ಕೇಳಿದೆ.