ತಿಪ್ಪೇಶಪ್ಪನವರ ಖಾತ್ರಿ ಕೋಳಿ
ಜಗಳೂರಿನ ದನದ ಆಸ್ಪತ್ರೆಯಲ್ಲಿ ಕೋಳಿ ಹಿಡಿಯುವುದು ನನ್ನ ನೌಕರಿ. ಸೂಜಿ ಕಂಡರೆ ಕೋಳಿಗಿಂತ ಮೊದಲು ಕಣ್ಣು ಮುಚ್ಚುವವನೂ ನಾನೇ. ಕಾಂಪೌಂಡರ್ ತಿಪ್ಪೇಶಪ್ಪನವರು ಪಿಂಗಾಣಿ ತಟ್ಟೆಯಲ್ಲಿ ರೆಕ್ಕೆಯ ರಕ್ತಕ್ಕೆ ನೇರಳೆ ಔಷಧದ ಹನಿ ಬೆರೆಸಿ ತೊಟ್ಟಿಲಿನಂತೆ ತೂಗುತ್ತಾರೆ. ಅದು ಒಡೆದ ಹಾಲಿನಂತಾದರೆ ಕೋಳಿಗೆ ಸಾಲ್ಮೊನೆಲ್ಲಾ ರೋಗ. “ಮೊಟ್ಟೆಯಿಂದ ಮರಿಗೂ ಹತ್ತತೈತೆ, ಕೊಂದು ಹೂಳ್ರಿ” ಎನ್ನುವಾಗ ಅವರು ಯಮನ ಷಡ್ಡಕ. ಔಷಧ ಕೆಟ್ಟಿಲ್ಲವೆಂಬ ಖಾತ್ರಿಗೆ ಮಾತ್ರ ರೋಗದ ಕೋಳಿಯೊಂದನ್ನು ಹಿತ್ತಲಲ್ಲಿ ಬುಟ್ಟಿಯಡಿ ಸಾಕಬೇಕೆಂಬುದು ಅವರ ನಿಯಮ. ದಿನದ ಮೊದಲ ಹನಿ ರಕ್ತ ಅದರದೇ; ಅದು ಒಡೆದರೆ ಔಷಧ ಸರಿಯಿದೆಯೆಂದು ಲೆಕ್ಕ. ಮೊನ್ನೆ ಭೀಮಕ್ಕನಿಗಿದ್ದ ಒಂದೇ ಕೋಳಿಯ ರಕ್ತವೂ ಒಡೆಯಿತು. ಆಕೆ ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು, “ನಿಮ್ಮದಕ್ಕೂ ರೋಗ ಐತಲ್ರೀ, ಅದನ್ಯಾಕೆ ಹೂಳಲಿಲ್ಲ?” ಎಂದಳು. ತಿಪ್ಪೇಶಪ್ಪನವರು ಕನ್ನಡಕ ಒರೆಸಿದರು. “ಔಷಧ ನೋಡಾಕೆ ಬೇಕವ್ವ. ಇದೂ ಇರ್ಲಿ, ಕೊಡು.” ಔಷಧದ ಬಾಟಲಿ ಇರುವುದು ಒಂದೇ, ಅದರ ಖಾತ್ರಿಗೆ ಒಂದು ಕೋಳಿ ಸಾಕು; ಭೀಮಕ್ಕನದೂ ಸೇರಿ ಹಿತ್ತಲಲ್ಲಿ ಬುಟ್ಟಿಗಳು ಏಳಾದವು.